ಸುರ್ಮಾ ಸೇಠನ ಮುಖ

"ಬ್ಯಾಗ್ ಬಿಚ್ಚಮ್ಮ," ಎಂದ ಹಯಗ್ರೀವ.

ಹುಡುಗಿ ಬಿಚ್ಚಲಿಲ್ಲ. ಹೆಗಲಿನಿಂದ ಇಳಿಸಿದ ಬ್ಯಾಗನ್ನು ಎದೆಗವಚಿಕೊಂಡು ನಿಂತಳು. ಹಲಸೂರಿನ ಆ ಪುಟ್ಟ ಸಭಾಂಗಣದಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಮುಂದುಗಡೆ ನರೆತ ತಲೆಗಳು, ಹಿಂದುಗಡೆ ಟೀ ಶರ್ಟಿನ ಹುಡುಗ ಹುಡುಗಿಯರು. ಹಿಂದಿನವರ ಕೈಗಳಲ್ಲಿ ಫೋನುಗಳು ಮೇಲೆದ್ದಿದ್ದವು.

"ಸರ್, ನಾನು ಏನೂ ಮಾಡಿಲ್ಲ."

"ಮಾಡಿಲ್ಲ ಅಂದ್ರೆ ತೋರಿಸೋಕೇನು ತೊಂದ್ರೆ?"

ವಿಮಾ ಕಂಪನಿಯ ತನಿಖೆಗಾರನಾಗಿದ್ದ ಕಾಲದಲ್ಲಿ ಹಯಗ್ರೀವ ಎಷ್ಟೋ ಜನರ ಮುಂದೆ ಎಸೆದಿದ್ದ ಪ್ರಶ್ನೆ ಅದು. ಸುಟ್ಟ ಗೋದಾಮಿನ ಮಾಲೀಕರು ಈ ಒಂದು ಮಾತಿಗೇ ಬೆವರುತ್ತಿದ್ದರು. ಈ ಹುಡುಗಿ ಸಾಮಿಯಾ ಬೆವರಲಿಲ್ಲ. ಬ್ಯಾಗನ್ನು ಅವನ ಮುಂದಕ್ಕೆ ಚಾಚಿದಳು.

"ನೀವೇ ತೆಗೀರಿ."

ಅವನು ತೆಗೆದ. ತೆಗೆದನೆಂದರೆ, ಮೇಜಿನ ಮೇಲೆ ಬೋರಲು ಹಾಕಿ ಕೊಡವಿದ. ತಿಂಡಿ ಡಬ್ಬಿ ಬಿತ್ತು. ಬಟ್ಟೆಯಲ್ಲಿ ಸುತ್ತಿದ ಕುಂಚಗಳು ಬಿದ್ದವು. ತಲೆಗೂದಲ ಕ್ಲಿಪ್ಪು, ಬಸ್ಸಿನ ಟಿಕೆಟ್ಟುಗಳು, ಹೆಣ್ಣುಮಕ್ಕಳು ಹತ್ತು ಜನರೆದುರು ತೆಗೆಯದ ಇನ್ನೊಂದು ಪೊಟ್ಟಣ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೊನೆಗೆ ಒಂದು ಗಾಜಿನ ಬುಡ್ಡಿ ಉರುಳಿ ಬಂದು ಮೇಜಿನ ಅಂಚಿನಲ್ಲಿ ನಿಂತಿತು. ಕಪ್ಪು ಶಾಯಿ.

"ಇದೇನು?"

"ಇಂಕ್ ಸರ್. ಚಿತ್ರ ಬರೆಯೋಳ ಬ್ಯಾಗಲ್ಲಿ ಇನ್ನೇನಿರುತ್ತೆ?"

ಅವಳ ಧ್ವನಿ ಕಡೆಯ ಪದದಲ್ಲಿ ಒಡೆಯಿತು. ಹಯಗ್ರೀವನಿಗೆ ಅದು ತಪ್ಪೊಪ್ಪಿಗೆಯಂತೆ ಕೇಳಿಸಿತು. ಬುಡ್ಡಿಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. ಮುಂದಿನ ಸಾಲುಗಳಿಂದ ಚಪ್ಪಾಳೆ ಬಿತ್ತು.

ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ತೂಗುಹಾಕಿದ್ದ ಚಿತ್ರಕ್ಕಾಗಿ ಈ ರಂಪವೆಲ್ಲ. 'ಗಗನಚರ' ಚಿತ್ರಕಥೆಯ ಮೊಟ್ಟಮೊದಲ ಸಂಚಿಕೆಯ ಮುಖಪುಟ, ಕಲಾವಿದ ಅಂಜನಮೂರ್ತಿ ಸ್ವತಃ ಬಣ್ಣದಲ್ಲಿ ಬರೆದ ಮೂಲಪ್ರತಿ. ನೀಲಿ ಮುಖವಾಡದ ಗಗನಚರ ಕಾಲೂರಿ ನಿಂತಿದ್ದಾನೆ. ಅವನ ಕಾಲ ಕೆಳಗೆ ಅವನ ಆಜನ್ಮ ಶತ್ರು ಸುರ್ಮಾ ಸೇಠ್. ಗಡ್ಡ, ಟೋಪಿ, ಕಾಡಿಗೆ ತೀಡಿದ ಕಣ್ಣು. ಬೆಳಗಿನಿಂದ ರೇಷ್ಮೆ ಬಟ್ಟೆ ಹೊದ್ದುಕೊಂಡಿದ್ದ ಚಿತ್ರವನ್ನು ಚಹಾ ವಿರಾಮವಾದ ಮೇಲೆ ಅನಾವರಣ ಮಾಡಿದಾಗ ಸುರ್ಮಾ ಸೇಠನ ಮುಖವಿದ್ದ ಜಾಗದಲ್ಲಿ ಕಪ್ಪು ಮಸಿ ಮಾತ್ರ ಉಳಿದಿತ್ತು. ವಿರಾಮದ ಹೊತ್ತಿನಲ್ಲಿ ಒಳಗಿದ್ದವಳು ಸಾಮಿಯಾ ಒಬ್ಬಳೇ.

ಅವಳಿಗೆ ಕಾರಣವೂ ಇತ್ತು, ಹಾಗೆಂದು ಹಯಗ್ರೀವ ನಂಬಿದ್ದ. ಅಂಜನಮೂರ್ತಿಯವರ ಒಪ್ಪಿಗೆ ಪಡೆದು ಅವಳು ಆರಂಭಿಸಿದ್ದ ಹೊಸ ಗಗನಚರ ಸರಣಿಯಲ್ಲಿ ಮುದಿಯಾದ ನಾಯಕ ಮುಖವಾಡ ಕಳಚುತ್ತಾನೆ. ಅದನ್ನು ತೊಡುವವಳು ಶಿವಾಜಿನಗರದ ಒಬ್ಬ ಹುಡುಗಿ, ಸುರ್ಮಾ ಸೇಠನ ಮೊಮ್ಮಗಳು. ಗಗನಚರ ಮುಖವಾಡ ತೆಗೆಯುವುದೆಂದರೆ! ಹಳೆಯ ಓದುಗರ ಬಳಗ ಕೆಂಡವಾಗಿತ್ತು. ಬೆಳಗ್ಗೆ ವೇದಿಕೆಯ ಮೇಲೆಯೇ ಸಾಮಿಯಾ, "ಆ ವಿಲನ್ ಮುಖ ನೋಡಿದ್ರೆ ನಮ್ಮಂಥೋರಿಗೆ ಏನನ್ಸುತ್ತೆ ಅಂತ ಯಾರಾದ್ರೂ ಕೇಳಿದ್ದೀರಾ?" ಎಂದಿದ್ದಳು.

ಬಳಗದ ಅಧ್ಯಕ್ಷ ಶ್ರೀಹರಿ ಮೈಕು ಹಿಡಿದ. ಹಯಗ್ರೀವನ ಬಾಲ್ಯದ ಗೆಳೆಯ. ವಿಮಾನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಒಂದೇ ಗೋಡೆಯ ಆಚೀಚೆ ಬೆಳೆದವರು. "ಸಾಕು ಬಿಡಿ, ಮಕ್ಕಳು. ಪೊಲೀಸು ಗಿಲೀಸು ಬೇಡ. ಗಗನಚರನನ್ನ ಹಾಳು ಮಾಡ್ಬೇಡಿ, ಅಷ್ಟೇ ನಮ್ಮ ವಿನಂತಿ. ಅಂಜನಮೂರ್ತಿಗಳಿಗೆ ಜ್ವರ, ಮನೇಲಿ ಮಲಗಿದ್ದಾರೆ. ಈ ಸುದ್ದಿ ಅವರ ಕಿವಿಗೆ ಬೀಳದೇ ಇರಲಿ."

ಸಾಮಿಯಾ ಉಳಿದ ಒಂದೊಂದೇ ಸಾಮಾನನ್ನು ಬ್ಯಾಗಿಗೆ ತುಂಬಿಕೊಂಡಳು. ಆ ಪೊಟ್ಟಣವನ್ನು ತುಂಬುವಾಗ ಅವಳ ಕಿವಿ ಕೆಂಪಾಗಿದ್ದನ್ನು ಹಯಗ್ರೀವ ನೋಡಿದ. ನೋಡಿ ಕಣ್ಣು ಬೇರೆ ಕಡೆಗೆ ತಿರುಗಿಸಿದ. ಅವಳ ಹಿಂದೆಯೇ ಕಿರಿಯರೆಲ್ಲ ಹೊರಗೆ ಹೋದರು.

ಹಿರಿಯರು ಊಟಕ್ಕೆ ನಡೆದರು. ಪಲಾವಿನ ವಾಸನೆ ಒಳಗಿನವರೆಗೂ ಬರುತ್ತಿತ್ತು. ಹಯಗ್ರೀವ ಮಾತ್ರ ಚಿತ್ರದ ಬಳಿಯೇ ಉಳಿದ. ತನ್ನ ಕೈಯಲ್ಲೇ ಉಳಿದಿದ್ದ ಬುಡ್ಡಿಯ ಶಾಯಿಯನ್ನೂ ಈ ಮಸಿಯನ್ನೂ ತಾಳೆ ನೋಡಿಬಿಟ್ಟರೆ ಯಾರೂ ಬಾಯಿ ತೆರೆಯಲಾಗದು ಎಂದು ಕರವಸ್ತ್ರಕ್ಕೆ ನೀರು ಹನಿಸಿಕೊಂಡು ಕಪ್ಪು ಕಲೆಯ ಮೇಲೆ ಉಜ್ಜಿದ.

ಕರವಸ್ತ್ರ ಬೆಳ್ಳಗೇ ಇತ್ತು.

ಇನ್ನೊಮ್ಮೆ ಉಜ್ಜಿದ. ಉಗುರಿನಿಂದ ಕೆರೆದ. ಉಗುರು ನುಣ್ಣಗೆ ಜಾರಿತು.

ಮಸಿ ಗಾಜಿನ ಮೇಲಿರಲಿಲ್ಲ. ಗಾಜಿನ ಒಳಗಿತ್ತು.

ಚಿತ್ರವನ್ನು ಕೆಳಗಿಳಿಸಿ ಬೆನ್ನು ತಿರುಗಿಸಿದ. ಹಿಂಬದಿಗೆ ಅಂಟಿಸಿದ್ದ ಕಂದು ಕಾಗದ ಹೊಚ್ಚಹೊಸದು. ಮೂಲೆಯಲ್ಲಿ ಮೈದಾ ಅಂಟಿನ ವಾಸನೆ ಇನ್ನೂ ಆರಿರಲಿಲ್ಲ. ಆದರೆ ಅಂಟು ಪೂರ್ತಿ ಒಣಗಿ ಬಿಗಿದಿತ್ತು. ಚಹಾ ಕುಡಿದು ಬರುವಷ್ಟರಲ್ಲಿ ಕಾಗದ ಹರಿದು, ಮೊಳೆ ಕಿತ್ತು, ಗಾಜು ತೆಗೆದು, ಮಸಿ ಬಳಿದು, ಮತ್ತೆ ಎಲ್ಲವನ್ನೂ ಜೋಡಿಸಿ ಅಂಟು ಒಣಗಿಸಲು ಯಾರಿಂದಲೂ ಸಾಧ್ಯವಿರಲಿಲ್ಲ. ಚಿತ್ರ ಸಭಾಂಗಣಕ್ಕೆ ಬರುವಾಗಲೇ ಹೀಗಿತ್ತು.

ಕಣ್ಣಿಗೆ ಕಂಡದ್ದನ್ನು ಕೈಯಿಂದ ಮುಟ್ಟಿ ನೋಡದೆ ವರದಿ ಬರೆಯಬೇಡಿ ಎಂದು ಕಚೇರಿಯ ಹೊಸಬರಿಗೆಲ್ಲ ಪಾಠ ಹೇಳಿದವನು ಅವನು. ಇವತ್ತು ಯಾಕೆ ಮುಟ್ಟಲಿಲ್ಲ? ಉತ್ತರ ಗೊತ್ತಿತ್ತು, ಅದನ್ನು ಮನಸ್ಸಿನಲ್ಲಿ ಪೂರ್ತಿ ಆಡಿಕೊಳ್ಳಲೂ ನಾಚಿಕೆಯಾಯಿತು. ಬಟ್ಟೆ ಸರಿದ ಕ್ಷಣವೇ ಅವನು ಅಪರಾಧಿಯನ್ನು ಆರಿಸಿಯಾಗಿತ್ತು. ತನ್ನ ಗಗನಚರನ ಮುಖವಾಡ ಕಿತ್ತವಳು, ಅವಳಲ್ಲದೆ ಇನ್ಯಾರು ಎಂದು.

ಶ್ರೀಹರಿ ಎಲೆ ಅಡಿಕೆ ಮೆಲ್ಲುತ್ತ ಒಳಗೆ ಬಂದ. ಹಯಗ್ರೀವ ಹೇಳಿದ್ದನ್ನೆಲ್ಲ ಕೇಳಿ, ಚಿತ್ರವನ್ನು ತಾನೇ ತೆಗೆದುಕೊಂಡು ಬಟ್ಟೆ ಸುತ್ತಿದ.

"ಆಯ್ತಲ್ಲ, ಬಿಡೋ. ಮುಗಿದಿದ್ದನ್ನ ಕೆದಕ್ಬೇಡ."

"ಮುಗಿದಿಲ್ಲ ಕಣೋ. ಆ ಹುಡುಗಿ ಮಾಡಿಲ್ಲ. ಚಿತ್ರ ತಂದೋನು ನೀನು. ಫ್ರೇಮ್ ಬಿಚ್ಚಿದ್ದು ಯಾರು?"

"ನಂಗೇನು ಗೊತ್ತು? ಅವರ ಮನೆಯಿಂದ ಬಟ್ಟೆ ಸುತ್ತಿದ ಹಾಗೇ ತಂದು ತೂಗುಹಾಕ್ದೆ."

"ಹಾಗಿದ್ರೆ ಅಂಜನಮೂರ್ತಿಗಳನ್ನೇ ಕೇಳ್ತೀನಿ."

"ಜ್ವರದಲ್ಲಿ ಇರೋ ಮನುಷ್ಯನನ್ನ ಗೋಳು ಹುಯ್ಕೋಬೇಡ," ಎಂದ ಶ್ರೀಹರಿ. ಆಮೇಲೆ ತಗ್ಗಿದ ದನಿಯಲ್ಲಿ, "ಹಯಾ, ಆ ಹುಡುಗರು ನಮ್ಮನ್ನ ಮುದಿ ಗೂಬೆಗಳು ಅಂತ ಬರೀತಾರೆ. ಇವತ್ತೊಂದು ದಿನ ಅವರ ಬಾಯಿ ಮುಚ್ಚಿದೆ. ಮುಚ್ಚಿರಲಿ ಬಿಡು," ಎಂದ.

ಹಯಗ್ರೀವ ಅವನನ್ನು ನೋಡಿದ. ಇದೇ ಮಾತನ್ನು ಬೆಳಗ್ಗೆ ಹೇಳಿದ್ದರೆ ತಾನೂ ತಲೆಯಾಡಿಸುತ್ತಿದ್ದೆ ಎನಿಸಿತು.

ಮೊದಲು ಹುಡುಗಿಯ ಮನೆ, ಆಮೇಲೆ ಉಳಿದದ್ದು. ಬಾಗಿಲ ಹೊರಗೆ ಬೈಕಿಗೆ ಒರಗಿ ನಿಂತಿದ್ದ ಶಿಶಿರ್ ಅವಳ ಗೆಳೆಯರಲ್ಲೊಬ್ಬ. ವಿಳಾಸ ಕೇಳಿದಾಗ ಅವನು ಮೇಲಿಂದ ಕೆಳಗೆ ನೋಡಿದ.

"ಅಲ್ಲೂ ಹೋಗಿ ಬೀರು ಚೆಕ್ ಮಾಡ್ತೀರಾ ಅಂಕಲ್?"

"ಇಲ್ಲಪ್ಪ. ಕ್ಷಮೆ ಕೇಳ್ಬೇಕು."

ಹುಡುಗ ವಿಳಾಸ ಕೊಟ್ಟ. ಕೊಡುವಾಗ ಮುಖ ನೋಡಲಿಲ್ಲ.

ಶಿವಾಜಿನಗರದ ಮಾರುಕಟ್ಟೆಯ ಹಿಂದೆ, ಕಾರಿನ ಬಿಡಿಭಾಗಗಳ ಅಂಗಡಿಗಳ ನಡುವೆ ಸಂದಿಯಂಥ ಒಂದು ಬೀದಿ. ಅಂಗಡಿಯ ಮೇಲಿನ ಮನೆ. ಕಡಿದಾದ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಾಗ ತೆರೆದವರು ಬಿಳಿ ಗಡ್ಡದ ಮುದುಕರು. ಎಡ ಹುಬ್ಬನ್ನು ಎರಡಾಗಿ ಸೀಳಿದ ಹಳೆಯ ಗಾಯದ ಗುರುತು.

ಹಯಗ್ರೀವ ಒಂದು ಮೆಟ್ಟಿಲು ಹಿಂದೆ ಸರಿದ. "ವಾಜಿದ್ ಭಾಯ್?"

ಬಾಡಿಗೆಗೆ ಕಥೆಪುಸ್ತಕ ಕೊಡುತ್ತಿದ್ದ ವಾಜಿದ್! ಹರಿದ ಪುಸ್ತಕ ಹೊಲಿದು ರಟ್ಟು ಕಟ್ಟುವ ಅಂಗಡಿ, ಅದರ ಮುಂದೊಂದು ಹಲಗೆ. ಭಾನುವಾರಗಳಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಿಂದ ಬಸ್ಸು ಹಿಡಿದು ಬರುತ್ತಿದ್ದ ಹಯಗ್ರೀವ ಗಗನಚರನ ಒಂದೊಂದು ಸಂಚಿಕೆಯನ್ನೂ ಓದಿದ್ದು ಆ ಹಲಗೆಯ ಮೇಲೆ. ಅಂಗಡಿ ಮುಚ್ಚಿ ಯಾವ ಕಾಲವಾಯಿತೋ.

ಮುದುಕರು ಕಣ್ಣು ಕಿರಿದು ಮಾಡಿ ನೋಡಿದರು. "ಫ್ಯಾಕ್ಟರಿ ಕಡೆಯಿಂದ ಬರ್ತಿದ್ದ ಹುಡುಗ ಅಲ್ವಾ? ಹಾಳೆ ತಿರುಗಿಸೋ ಮುಂಚೆ ಕೈ ಒರೆಸ್ಕೋತಿದ್ದೆ, ಚಡ್ಡಿಗೆ."

"ಹೌದು ಭಾಯ್."

"ನನ್ನ ಮೊಮ್ಮಗಳ ಬ್ಯಾಗಿಗೆ ಕೈ ಹಾಕೋ ಮುಂಚೆ ಒರೆಸ್ಕೊಂಡ್ಯಾ?"

ಅವರು ದನಿ ಎತ್ತಲಿಲ್ಲ. ಒಳಗೆ ಕುರ್ಚಿಯ ಮೇಲೆ ಒಂದು ಫೋನು ಬಿದ್ದಿತ್ತು. ಅದರಲ್ಲಿ ಹಯಗ್ರೀವನದೇ ಧ್ವನಿ ಸಣ್ಣಗೆ ಕೇಳಿಸುತ್ತಿತ್ತು: "ತೋರಿಸೋಕೇನು ತೊಂದ್ರೆ?" ಮುಗಿದು, ಮತ್ತೆ ಮೊದಲಿನಿಂದ ಶುರುವಾಯಿತು. ವಾಜಿದ್ ಸಾಹೇಬರು ಅದನ್ನು ಬೋರಲು ಮಾಡಿದರು.

"ಬೈಠೋ," ಎಂದರು. ಹಯಗ್ರೀವ ಕೂರಲಿಲ್ಲ.

ಸಾಮಿಯಾ ಒಳಕೋಣೆಯಿಂದ ಬಂದು ಬಾಗಿಲಲ್ಲಿ ನಿಂತಳು. ಅತ್ತು ಅತ್ತು ಕಣ್ಣುಗಳು ಊದಿದ್ದವು.

"ತಪ್ಪಾಯ್ತಮ್ಮ," ಎಂದ ಹಯಗ್ರೀವ. "ಮಸಿ ಗಾಜಿನ ಒಳಗಡೆ ಇದೆ. ಟೀ ಕುಡಿಯೋ ಹೊತ್ತಲ್ಲಿ ಅದನ್ನ ಯಾರೂ ಬಳಿದಿರೋಕೆ ಆಗಲ್ಲ. ನಾನು ನೋಡ್ಲೇ ಇಲ್ಲ. ನನ್ನನ್ನ ಕ್ಷಮಿಸು."

"ಸರ್, ಅಲ್ಲಿ ಎಲ್ಲರ ಮುಂದೆ ಕೊಡವಿದ್ರಿ. ಇಲ್ಲಿ ನಮ್ಮನೆ ಒಳಗೆ ಬಂದು, ಯಾರಿಗೂ ಕೇಳಿಸದ ಹಾಗೆ ಕ್ಷಮೆ ಕೇಳ್ತಿದ್ದೀರ."

ಹಯಗ್ರೀವ ಬೋರಲಾಗಿ ಬಿದ್ದಿದ್ದ ಫೋನಿನ ಕಡೆ ನೋಡಿದ. ಸಾಮಿಯಾ ಮುಂದುವರಿಸಿದಳು.

"ನೀವೇ ಹೇಳಿ. ಗಗನಚರ ಯಾವತ್ತೂ ಬದಲಾಗಿಲ್ಲ ಅಂತೀರ. ಅವನ ತಾಯಿ ಎರಡು ಸಲ ಸತ್ತಿದ್ದಾರೆ, ಬೇರೆ ಬೇರೆ ಸಂಚಿಕೇಲಿ. ಅದಕ್ಕೇನಂತೀರ?"

"ಎರಡನೇದು ಸಾಕುತಾಯಿ," ಎಂದುಬಿಟ್ಟ ಹಯಗ್ರೀವ. ಓದುಗರ ಕೂಟಗಳಲ್ಲಿ ಈ ಉತ್ತರಕ್ಕೆ ಅವನಿಗೆ ಶಭಾಸ್‌ಗಿರಿ ಸಿಗುತ್ತಿತ್ತು. ಈ ಮನೆಯಲ್ಲಿ ನಿಂತು ಆಡಿದಾಗ ಮಾತು ಎಂಜಲಿನಂತೆ ತುಟಿಗೆ ಅಂಟಿಕೊಂಡಿತು.

"ನೋಡಿದ್ರಾ? ಅಂಜನಮೂರ್ತಿ ಸರ್ ತಪ್ಪು ಮಾಡಿದ್ರೂ ನೀವು ಸರಿ ಮಾಡಿ ಓದ್ತೀರ. ನಾವು ಬದಲಾಯಿಸಿದ್ರೆ ಮಾತ್ರ ದ್ರೋಹ." ಅವಳು ಗೋಡೆಗೆ ಒರಗಿದಳು. "ಒಂದು ಮಾತು ಕೇಳಿ. ಆ ಮುಖ ಅಳಿಸಿದ್ರೆ ನಂಗೇನು ಲಾಭ? ನನ್ನ ಕತೆ ಶುರುವಾಗೋದೇ ಆ ಮುಖದಿಂದ. ನನ್ನ ಹುಡುಗಿ ಸುರ್ಮಾ ಸೇಠನ ಮೊಮ್ಮಗಳು. ಊರೆಲ್ಲ ಯಾರನ್ನ ಕಳ್ಳ ಅಂತೋ, ಅವನ ಮನೇಲಿ ಬೆಳೆದೋಳು. ಮುಖನೇ ಇಲ್ದಿದ್ರೆ ನನ್ನ ಕತೆ ಎಲ್ಲಿಂದ ಬರುತ್ತೆ?"

ಇಷ್ಟು ಸರಳವಾದ ತರ್ಕ. ಯಾವ ಪ್ರಕರಣದಲ್ಲೂ ಹಯಗ್ರೀವ ಮೊದಲು ಕೇಳುತ್ತಿದ್ದುದು ಇದೇ, ಇದರಿಂದ ಯಾರಿಗೇನು ಸಿಗುತ್ತದೆ ಎಂದು. ಇವಳ ವಿಷಯದಲ್ಲಿ ಕೇಳಿಕೊಂಡಿರಲಿಲ್ಲ.

"ಅದು ಬರೀ ಕತೆ ಅಲ್ಲ ಬೇಟಾ, ಅವರಿಗೆ ಗೊತ್ತಾಗ್ಲಿ, ಹೇಳು," ಎಂದರು ವಾಜಿದ್ ಸಾಹೇಬರು. ಅವಳು ಅಜ್ಜನ ಕಡೆ ತಿರುಗಿದಳು. ಅವರೇ ಹುಬ್ಬಿನ ಗಾಯದ ಮೇಲೆ ಬೆರಳಿಟ್ಟರು.

"ಆ ಮುಖ ನಂದು."

ಹಯಗ್ರೀವ ಆ ಬೆರಳನ್ನೇ ನೋಡಿದ. ಸುರ್ಮಾ ಸೇಠನ ಎಡ ಹುಬ್ಬು ಸೀಳಿದ್ದು ಯಾವ ಕಾಳಗದಲ್ಲಿ ಎಂಬ ಬಗ್ಗೆ ಬಳಗದಲ್ಲಿ ವರ್ಷಗಟ್ಟಲೆ ಚರ್ಚೆ ನಡೆದಿತ್ತು. ಹಯಗ್ರೀವನೇ ಒಂದು ಲೇಖನ ಬರೆದಿದ್ದ.

"ಪುಸ್ತಕ ಕತ್ತರಿಸೋ ಚೂರಿ ಜಾರಿ ಆಗಿದ್ದು," ಎಂದರು ಮುದುಕರು. "ಅಂಜನಮೂರ್ತಿಗಳು ನಮ್ಮ ಅಂಗಡಿಗೆ ಹಳೇ ಫಾರಿನ್ ಮ್ಯಾಗಜೀನ್ ನೋಡೋಕೆ ಬರೋರು. ಎದುರಿಗೆ ಕೂತು ನನ್ನ ಚಿತ್ರ ಬರೆಯೋರು. ನಂಗೆ ಖುಷಿ, ಆರ್ಟಿಸ್ಟ್ ನನ್ನನ್ನ ಬರೀತಿದ್ದಾರೆ ಅಂತ. ಆಮೇಲೆ ಮೊದಲ್ನೇ ಸಂಚಿಕೆ ಕಟ್ಟು ಬಂತು. ದಾರ ಬಿಚ್ಚಿದ್ರೆ ನಾನು ಕಾಲ ಕೆಳಗೆ ಬಿದ್ದಿದ್ದೀನಿ."

"ನೀವು ಕೇಳ್ಲಿಲ್ವಾ?"

"ಏನಂತ ಕೇಳಲಿ? ಅದೇ ಪುಸ್ತಕ ಬಾಡಿಗೆಗೆ ಕೊಟ್ಟು ಮನೆ ನಡೆಸ್ತಿದ್ದೆ. ಹುಡುಗರು ಅಂಗಡಿ ಮುಂದೆ ಬಂದು 'ಸುರ್ಮಾ ಸೇಠ್ ಬಂದ, ಓಡ್ರೋ' ಅಂತ ಕೂಗಿ ಓಡೋರು. ನಾನೂ ನಗ್ತಿದ್ದೆ. ನನ್ನ ಮಗಳು ತಾಹೇರಾ ನಗ್ಲಿಲ್ಲ. ಸ್ಕೂಲಲ್ಲಿ ಅವಳಿಗೆ ಸೇಠನ ಮಗಳು ಅಂತ್ಲೇ ಹೆಸರು. ಓದು ಬಿಡ್ತೀನಿ ಅಂತ ಹಟ ಮಾಡಿದ್ಳು. ಈ ಸಾಮಿಯಾ ಅವಳ ಮಗಳೇ."

ಓಡುತ್ತಿದ್ದ ಆ ಹುಡುಗರ ಗುಂಪಿನಲ್ಲಿ ತಾನಿದ್ದೆನೇ? ಹಯಗ್ರೀವ ನೆನಪನ್ನು ತಡಕಿದ. ಇದ್ದಂತೆ ನೆನಪಿಲ್ಲ. ಇರಲಿಲ್ಲ ಎಂದು ಆಣೆಯಿಟ್ಟು ಹೇಳುವ ಧೈರ್ಯವೂ ಬರಲಿಲ್ಲ. ಅಷ್ಟು ವರ್ಷ ಅಷ್ಟು ಹತ್ತಿರದಿಂದ ಎರಡೂ ಮುಖಗಳನ್ನು ನೋಡಿದ್ದ. ಒಂದು ಹಾಳೆಯ ಮೇಲೆ, ಒಂದು ಹಲಗೆಯ ಆಚೆ. ಎರಡೂ ಒಂದೇ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆಯಬೇಕಾದ ಅಗತ್ಯ ಅವನಿಗೆ ಇರಲಿಲ್ಲ, ಅಷ್ಟೇ.

"ಹೋದ ತಿಂಗಳು ಅಂಜನಮೂರ್ತಿಗಳು ಬಂದಿದ್ರು," ಎಂದರು ವಾಜಿದ್ ಸಾಹೇಬರು. "ಈ ಮೆಟ್ಟಿಲು ಹತ್ತೋಕೆ ಎಷ್ಟು ಕಷ್ಟಪಟ್ರು ಗೊತ್ತಾ? ನನ್ನ ಕೈ ಹಿಡ್ಕೊಂಡು ತುಂಬಾ ಹೊತ್ತು ಕೂತಿದ್ರು. ಹೋಗೋವಾಗ ಅಂದ್ರು, ವಾಜಿದ್, ಎಲ್ಲರ ಮುಂದೆ ಹೇಳ್ತೀನಿ. ಭಾನುವಾರ ವೇದಿಕೆ ಮೇಲೆ ನಿಂತು ಹೇಳ್ತೀನಿ ಅಂತ."

"ಇವತ್ತು?"

"ಇವತ್ತೇ. ಅದಕ್ಕೇ ಇವಳನ್ನ ಕಳಿಸ್ದೆ. ನೀನು ಕೇಳಿಸ್ಕೊಂಡು ಬಾ ಬೇಟಾ, ನನ್ನ ಮಂಡಿ ನಡೆಯಲ್ಲ ಅಂತ. ಏನು ಕೇಳಿಸ್ಕೊಂಡು ಬಂದ್ಳು ನೋಡು."

ಹಯಗ್ರೀವನ ತಲೆ ತಾನಾಗಿಯೇ ತಗ್ಗಿತು. ಹಾಗೆ ತಗ್ಗಿದ ತಲೆಯೊಳಗೇ, ವರ್ಷಗಳ ಅಭ್ಯಾಸದಿಂದ, ಏನೋ ಒಂದು ಕೊಂಡಿ ಟಕ್ಕೆಂದು ಕೂತಿತು. ಅಷ್ಟು ನಿಶ್ಚಯ ಮಾಡಿದ್ದ ಮುದುಕ, ಜ್ವರ ಬಂದರೂ ಒಂದು ಮಾತು ಹೇಳಿ ಕಳಿಸದೆ ಇರುತ್ತಾರೆಯೇ? ಶ್ರೀಹರಿ ಮೈಕಿನಲ್ಲಿ ಅಂಥದ್ದೇನೂ ಹೇಳಲಿಲ್ಲ.

"ನಾನು ಅವರ ಮನೆಗೆ ಹೋಗ್ತೀನಿ," ಎಂದ.

"ನಾನೂ ಬರ್ತೀನಿ," ಎಂದಳು ಸಾಮಿಯಾ. "ಈ ಸಲ ನೀವು ಏನು ನೋಡ್ತೀರೋ ಅದನ್ನ ನಾನೂ ಕಣ್ಣಾರೆ ನೋಡ್ಬೇಕು."

ಆಟೋದಲ್ಲಿ ಅವಳು ಒಂದು ತುದಿ, ಅವನು ಇನ್ನೊಂದು ತುದಿ. ಆಟೋ ಇಂದಿರಾನಗರ ದಾಟಿತು. ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನ ಹುಡುಗಿಯೊಬ್ಬಳು ಹಯಗ್ರೀವನ ಮುಖ ನೋಡಿ, ತನ್ನ ಫೋನು ನೋಡಿ, ಮತ್ತೆ ಮುಖ ನೋಡಿದಳು. ಅವನು ಒಳಕ್ಕೆ ಸರಿದು ಕೂತ. ಸಾಮಿಯಾ ಅದನ್ನು ಗಮನಿಸಿದಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಕಗ್ಗದಾಸಪುರದ ಕಿಕ್ಕಿರಿದ ರಸ್ತೆಯಲ್ಲಿ ಇಳಿದು, ತರಕಾರಿ ಗಾಡಿಗಳ ಮಧ್ಯೆ ನುಸುಳಿ, ಅಂಜನಮೂರ್ತಿಯವರ ಮನೆಯ ಗಂಟೆ ಒತ್ತಿದಾಗ ಬಿಸಿಲಿನ್ನೂ ಇಳಿದಿರಲಿಲ್ಲ. ಬಾಗಿಲು ತೆರೆದವರು ಅವರ ಪತ್ನಿ ಅಮೃತಮ್ಮ. ಮುಖದ ತುಂಬ ನಗು.

"ಬನ್ನಿ ಹಯಗ್ರೀವ, ಮುಗೀತಾ ಕಾರ್ಯಕ್ರಮ?" ಎಂದು ಅವನ ಭುಜದ ಆಚೆ ಮೆಟ್ಟಿಲಿನ ಕಡೆ ಇಣುಕಿದರು. "ಇವರು ನಿಧಾನಕ್ಕೆ ಹತ್ತಿ ಬರ್ತಿದ್ದಾರಾ?"

ಹಯಗ್ರೀವ ಮತ್ತು ಸಾಮಿಯಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದಿನ ಮೊದಲ ಬಾರಿಗೆ.

"ಅಮ್ಮ, ಅವರಿಗೆ ಜ್ವರ ಅಲ್ವಾ?"

"ಯಾರಿಗೆ ಜ್ವರ? ಬೆಳಗ್ಗೆ ಉಪ್ಪಿಟ್ಟು ತಿಂದು, ಹೊಸ ಪಂಚೆ ಉಟ್ಕೊಂಡು ಹೊರಟ್ರು. ಶ್ರೀಹರಿನೇ ಕಾರು ತಂದು ಕರ್ಕೊಂಡು ಹೋದ. ಫೋನು ಕೂಡ ಇಲ್ಲೇ ಮರೆತಿದ್ದಾರೆ ನೋಡಿ."

ಹಯಗ್ರೀವ ದನಿಯನ್ನು ಆದಷ್ಟು ಸಮ ಮಾಡಿಕೊಂಡ. "ಮುಖಪುಟದ ಚಿತ್ರ... ಅದಕ್ಕೆ ಮಸಿ ಬಳಿದಿದ್ದು ಯಾರು ಅಂತ ನಿಮಗೆ ಗೊತ್ತಾ?"

"ಇವರೇ!" ಎಂದರು ಅಮೃತಮ್ಮ, ಅದರಲ್ಲಿ ಗುಟ್ಟೇನು ಎನ್ನುವಂತೆ. "ಇದೇ ಊಟದ ಮೇಜಿನ ಮೇಲೆ. ನಾನೇ ಮೈದಾ ಅಂಟು ಕಾಯಿಸಿ ಕೊಟ್ಟೆ. ಕೈ ನಡುಗತ್ತೆ, ಒಂದೊಂದು ಗೆರೆಗೂ ನಿಲ್ಲಿಸಿ ನಿಲ್ಲಿಸಿ ಬಳಿದ್ರು. ಮೊನ್ನೆ ಶ್ರೀಹರಿ ಚಿತ್ರ ತಗೊಂಡು ಹೋಗೋಕೆ ಬಂದಾಗ ಅವನಿಗೂ ತೋರಿಸಿ ಹೇಳಿದ್ರು, ಹೀಗೇ ತೂಗುಹಾಕಪ್ಪ, ಯಾಕೆ ಅಂತ ನಾನೇ ಬಂದು ಎಲ್ಲರಿಗೂ ಹೇಳ್ತೀನಿ ಅಂತ. ಅವನು ತುಂಬಾ ಕೂಗಾಡ್ದ. ಆಮೇಲೆ ಸಮಾಧಾನ ಆಗಿರ್ಬೇಕು, ಇವತ್ತು ತಾನೇ ಬಂದನಲ್ಲ." ಹೇಳುತ್ತಿದ್ದಂತೆ ಅವರ ನಗು ಸ್ವಲ್ಪ ಸ್ವಲ್ಪವೇ ಕರಗಿತು. "ಯಾಕೆ, ಇವರು ಹೇಳ್ಲಿಲ್ವಾ? ಹಯಗ್ರೀವ, ಇವರೆಲ್ಲಿ?"

ಹಯಗ್ರೀವ ಫೋನು ತೆಗೆದು ಶ್ರೀಹರಿಯ ಸಂಖ್ಯೆ ಒತ್ತಿ, ಸ್ಪೀಕರಿಗೆ ಹಾಕಿದ. ತುಟಿಯ ಮೇಲೆ ಬೆರಳಿಟ್ಟು ಅಮೃತಮ್ಮನಿಗೆ ಸುಮ್ಮನಿರಲು ಸನ್ನೆ ಮಾಡಿದ. ಸಾಮಿಯಾ ಅವರ ಹತ್ತಿರ ಹೋಗಿ ಕೈ ಹಿಡಿದುಕೊಂಡಳು.

"ಹೇಳೋ ಹಯಾ," ಎಂದಿತು ಬಾಲ್ಯದಿಂದ ಕೇಳಿದ್ದ ಧ್ವನಿ.

"ಏನಿಲ್ಲ. ಅಂಜನಮೂರ್ತಿಗಳು ಹೇಗಿದ್ದಾರೆ ಅಂತ."

"ಅಯ್ಯೋ, ಈಗ ತಾನೇ ಅವರ ಮನೆಯಿಂದಲೇ ಹೊರಟೆ. ಜ್ವರ ಇಳಿದಿದೆ. ಅಮೃತಮ್ಮ ಪಕ್ಕದಲ್ಲಿ ಕೂತು ಗಂಜಿ ಕುಡಿಸ್ತಿದ್ರು. ಇವತ್ತು ಯಾರನ್ನೂ ಕಳಿಸ್ಬೇಡಪ್ಪ, ಮಲಗ್ಲಿ ಅಂದ್ರು."

ಅಮೃತಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ತಮ್ಮ ಹೆಸರು ಹೊರಬಿದ್ದ ಆ ಫೋನನ್ನೇ, ಅದು ಯಾವುದೋ ಹುಳುವೆಂಬಂತೆ, ನೋಡುತ್ತಿದ್ದರು. ಕೆಳಗಿನ ರಸ್ತೆಯಲ್ಲಿ ತರಕಾರಿಯವನು ಗಟ್ಟಿಯಾಗಿ ಸೊಪ್ಪಿನ ಹೆಸರು ಕೂಗುತ್ತ ಹೋದ.

ಆ ಕೂಗು ಫೋನಿನ ಆ ಕಡೆಗೂ ಕೇಳಿಸಿರಬೇಕು. ಆಮೇಲೆ ಶ್ರೀಹರಿ ಕೇಳಿದ, ಮೆಲ್ಲಗೆ:

"ಅಂದ ಹಾಗೆ, ನೀನೀಗ ಎಲ್ಲಿದ್ದೀಯ?"